ಹಿಂದಿನಿಂದ ಎಳೆಯುವ ಗಾಳಿ

ಹರಿದ ಟಾರ್ಪಾಲನ್ನು ನೆಲಕ್ಕೆ ಹಾಸಿ, ಬರಿಗಾಲಲ್ಲಿ ಅದರ ಸುತ್ತ ಒಂದು ಸುತ್ತು ಬಂದರೆ ಸಾಕು, ಆ ಲಾರಿಯ ಜಾತಕವೆಲ್ಲ ದಬ್ಬಳದಮ್ಮನಿಗೆ ತಿಳಿದುಹೋಗುತ್ತಿತ್ತು.

"ಯಾರ ಜತೆ ಪಂದ್ಯ ಕಟ್ಟಿದ್ದೆಯಪ್ಪ?" ಎಂದು ಡ್ರೈವರನನ್ನು ಕೇಳುವಳು.

"ಪಂದ್ಯ ಎಲ್ಲಿ ಬಂತಮ್ಮ, ನಾನು ಐವತ್ತರ ಮೇಲೆ ಹೋಗೋನೇ ಅಲ್ಲ."

"ನಿನ್ನ ಬಾಯಿ ಐವತ್ತು ಅನ್ನುತ್ತೆ, ಈ ಹೊಲಿಗೆ ಎಂಬತ್ತು ಅನ್ನುತ್ತೆ. ಹಿಂದಿನ ಪರದೆ ನೋಡು, ಹೇಗೆ ಬಾಯಿ ಬಿಟ್ಕೊಂಡಿದೆ. ಹಗ್ಗ ಪೋಣಿಸೋ ಕಣ್ಣು ಮೂರು ಕಿತ್ತು ಹೋಗಿವೆ. ನಿಧಾನ ಹೋಗೋ ಗಾಡೀದು ಹೀಗೆ ಹರಿಯಲ್ಲ."

ಡ್ರೈವರ್ ತಲೆ ಕೆರೆದುಕೊಂಡು ನಗುವನು. ಲಾರಿಯ ಮಾಲೀಕ ಜತೆಗಿದ್ದರೆ ಮಾತ್ರ ಅವಳು ಈ ಮಾತು ಎತ್ತುತ್ತಿರಲಿಲ್ಲ. ಇನ್ನೊಬ್ಬರ ಹೊಟ್ಟೆಯ ಮೇಲೆ ಹೊಡೆಯುವ ಹೆಂಗಸಲ್ಲ ಅವಳು.

ಲಾರಿ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಪಂಕ್ಚರ್ ಅಂಗಡಿಗೂ ಬಡಗಿಯ ಶೆಡ್ಡಿಗೂ ನಡುವೆ ಅವಳ ಶೆಡ್ಡು. ಒಳಗೆ ಒಂದು ದೊಡ್ಡ ಹೊಲಿಗೆ ಯಂತ್ರ, ಗೋಡೆಗೆ ಸುತ್ತಿಟ್ಟ ಟಾರ್ಪಾಲುಗಳು, ಮೇಣದ ವಾಸನೆ. ಯಂತ್ರ ನುಗ್ಗಲಾರದ ದಪ್ಪ ಮಡಿಕೆಗಳಿಗೆ ಅಂಗೈಯುದ್ದದ ದಬ್ಬಳ. ಎದ್ದಾಗಿನಿಂದ ಮಲಗುವ ತನಕ ಆ ದಪ್ಪ ಸೂಜಿ ಅವಳ ತುರುಬಿನಲ್ಲೇ ಇರುತ್ತಿದ್ದರಿಂದ ಬೀದಿಗೆಲ್ಲ ಅವಳು ದಬ್ಬಳದಮ್ಮ. ಮದುವೆಯ ದಿನವೂ ಮರೆತು ಅದನ್ನು ಸಿಕ್ಕಿಸಿಕೊಂಡೇ ಕೂತಿದ್ದಳೆಂದು ಅವಳ ಗಂಡ ಬಂದವರಿಗೆಲ್ಲ ಹೇಳುತ್ತಿದ್ದ. ಅವಳು ಮಾತ್ರ ಒಪ್ಪಿದವಳಲ್ಲ.

ಅವಳ ಅಪ್ಪನೂ ಇದೇ ಶೆಡ್ಡಿನಲ್ಲಿ ಕೂತು ಹೊಲಿದವನು. ಅವನ ಕಣ್ಣು ಮಂಜಾದ ಮೇಲೆ ದಾರ ಪೋಣಿಸಿಕೊಡಲು ಮಗಳು ಏಳನೇ ತರಗತಿಗೇ ಶಾಲೆ ಬಿಟ್ಟು ಬಂದು ಕೂತಳು. ಹತ್ತಾರು ಟಾರ್ಪಾಲು ಕೈದಾಟಿದ ಮೇಲೆ ಅವಳಿಗೊಂದು ಅನುಮಾನ ಹುಟ್ಟಿತು.

"ಅಪ್ಪಾ, ಗಾಳಿ ಹೊಡೆಯೋದು ಮುಂದಿನಿಂದ ತಾನೆ? ಮತ್ತೆ ಎಲ್ಲರದೂ ಹಿಂದೆ ಯಾಕೆ ಹರಿದಿರುತ್ತೆ?"

ಅಪ್ಪ ಹಲ್ಲಲ್ಲಿ ಕಚ್ಚಿದ್ದ ದಾರ ತೆಗೆದು ಹೇಳಿದ್ದ: "ಮುಂದಿನ ಗಾಳಿ ನೂಕುತ್ತೆ. ನೂಕಿದ್ರೆ ಬಟ್ಟೆ ಸರಕಿಗೆ ಒತ್ಕೊಂಡು ಸುಮ್ನಿರುತ್ತೆ. ಹಿಂದಿನದು ಎಳೆಯುತ್ತೆ ಕಣವ್ವ. ಎಳೆದಾಗ ತಾನೆ ಹೊಲಿಗೆ ಬಿಡೋದು."

ಹಳೆಯ ಟಾರ್ಪಾಲುಗಳನ್ನು ತೊಳೆಯಲು ಅಪ್ಪ ಮಗಳು ಕಾಲುವೆಗೆ ಹೋಗುತ್ತಿದ್ದರು. ಅಲ್ಲಿ ಎರಡು ಸೇತುವೆ. ಹಳೆಯದರ ಕಂಬಗಳು ಚೌಕ; ಅವುಗಳ ಹಿಂದೆ ನೀರು ಸುಳಿ ಸುತ್ತಿ, ಕಸಕಡ್ಡಿಯೆಲ್ಲ ಅಲ್ಲೇ ಗಿರಕಿ ಹೊಡೆಯುತ್ತಿತ್ತು. ಹೊಸದರ ಕಂಬಗಳಿಗೆ ಎರಡು ಕಡೆಯೂ ದೋಣಿಯ ಮೂತಿ. ಅಲ್ಲಿ ನೀರು ಬಂದದ್ದೂ ಹೋದದ್ದೂ ಗೊತ್ತಾಗುತ್ತಿರಲಿಲ್ಲ. ಟಾರ್ಪಾಲು ಒಣಗುವ ತನಕ ಹುಡುಗಿ ಒಣ ಎಲೆಗಳನ್ನು ತೇಲಿಬಿಟ್ಟು ಕೂರುತ್ತಿದ್ದಳು. ಅದರಿಂದ ಮುಂದೊಂದು ದಿನ ಏನಾದರೂ ಉಪಯೋಗವಾದೀತೆಂದು ಅವಳಿಗಾಗಲಿ ಅಪ್ಪನಿಗಾಗಲಿ ಅನಿಸಿರಲಿಲ್ಲ.

ಪಕ್ಕದ ಶೆಡ್ಡಿನ ಬಡಗಿಯನ್ನೇ ಮದುವೆಯಾದಳು. ಎರಡು ಶೆಡ್ಡಿನ ನಡುವಿನ ಗೋಡೆಯಲ್ಲಿ ಒಂದು ಕಿಂಡಿ. ಮೂವತ್ತು ವರ್ಷ ಸಂಸಾರದ ಮಾತು, ಚಹಾದ ಲೋಟ, ಜಗಳ ಎಲ್ಲ ಆ ಕಿಂಡಿಯಲ್ಲೇ ಓಡಾಡಿದವು. ಬಡಗಿ ಮೇಸ್ತ್ರಿ ಕೆಲಸದಲ್ಲಿ ಅಸಾಧ್ಯ ಗಟ್ಟಿಗ. ಜೇಬಿನಲ್ಲಿ ಸದಾ ಒಂದು ಮೂಲೆಮಟ್ಟ. ಬೀರು, ಮೇಜು, ಕಿಟಕಿ, ಯಾವುದೇ ಇರಲಿ, ಮೂಲೆಗೆ ಅದನ್ನು ಹಿಡಿದರೆ ಕೂದಲು ತೂರುವಷ್ಟೂ ಸಂದು ಇರಬಾರದು. "ಮನುಷ್ಯ ಸ್ವಲ್ಪ ಸೊಟ್ಟಗಿದ್ರೂ ನಡೆಯುತ್ತೆ, ಮೂಲೆ ನೆಟ್ಟಗಿರಬೇಕು" ಎನ್ನುವನು.

ಒಂದು ದಿನ ಅವನ ಶೆಡ್ಡಿಗೆ ಹಲ್ಲಿನ ಡಾಕ್ಟರಮ್ಮ ಬಂದಳು. ಮೂವತ್ತೈದರ ಆಸುಪಾಸು, ತೆಳ್ಳಗಿನ ಹೆಂಗಸು, ಹಳೆಯ ಡೀಸೆಲ್ ಜೀಪನ್ನು ತಾನೇ ಓಡಿಸಿಕೊಂಡು ಬಂದಿದ್ದಳು. ಆಸ್ಪತ್ರೆಯಿಲ್ಲದ ಊರುಗಳಿಗೆ ಹೋಗಿ ಹಲ್ಲು ನೋಡುವುದು ಅವಳ ಕೆಲಸ. ಉಳಿಯಲು ಜಾಗ ಸಿಗದೆ ಸಾಕಾಗಿತ್ತು.

"ಮೇಸ್ತ್ರಿ, ಜೀಪಿನ ಹಿಂದೆ ಎಳೆದುಕೊಂಡು ಹೋಗೋ ಒಂದು ಮನೆ ಮಾಡಿಕೊಡಿ. ಒಂದು ಮಂಚ, ಒಂದು ಒಲೆ, ಹಲ್ಲು ಕೀಳೋ ಕುರ್ಚಿ. ನಾನು ನೆಟ್ಟಗೆ ನಿಲ್ಲೋಹಾಗಿರಬೇಕು."

ಕಬ್ಬಿಣದ ತಳ, ಗಾಲಿ, ಕೊಂಡಿ ಎಲ್ಲ ಗ್ಯಾರೇಜಿನಿಂದ ಬಂತು. ಅದರ ಮೇಲೆ ಮೇಸ್ತ್ರಿ ಎರಡು ತಿಂಗಳು ಜೀವ ಸುರಿದು ಟ್ರೇಲರು ಕಟ್ಟಿದ. ಒಳಗೆ ಮಡಿಚುವ ಮಂಚ, ಎಳೆದರೆ ಸದ್ದಿಲ್ಲದೆ ಬರುವ ಡ್ರಾಯರುಗಳು, ಹಿಂಬಾಗಿಲ ಪಕ್ಕ ನೂರು ಲೀಟರಿನ ನೀರಿನ ಡ್ರಮ್ಮು. ಹೊರಗಿನಿಂದ ನೋಡಿದರೆ ಎದುರುಗೋಡೆ ನೆಟ್ಟಗೆ, ಹಿಂಗೋಡೆ ನೆಟ್ಟಗೆ, ಹನ್ನೆರಡು ಅಂಚೂ ಚಾಕುವಿನಂತೆ ಚೂಪು. ಜೀಪಿನ ತಲೆಗಿಂತ ಎರಡು ಮೊಳ ಎತ್ತರ.

ಬಣ್ಣ ಹೊಡೆಯುವ ಮುಂಚೆ ದಬ್ಬಳದಮ್ಮ ಅದರ ಸುತ್ತ ಒಂದು ಸುತ್ತು ಬಂದಳು, ಟಾರ್ಪಾಲಿನ ಸುತ್ತ ಬರುವಂತೆಯೇ.

"ರೀ, ಈ ಮುಂದಿನ ಮೂಲೆಗಳನ್ನ ಒಂದಿಷ್ಟು ಉರುಟು ಮಾಡಿದ್ರೆ ಆಗ್ತಿರಲಿಲ್ವಾ?"

ಮೇಸ್ತ್ರಿ ಮೂಲೆಮಟ್ಟ ತೆಗೆದು ಮೂಲೆಗೆ ಹಿಡಿದು ತೋರಿಸಿದ. "ನೋಡೇ, ಬೆಳಕು ತೂರಲ್ಲ. ಇದನ್ನ ಉರುಟು ಮಾಡು ಅಂತೀಯಲ್ಲ, ನಿನಗೆ ಮನಸ್ಸಾದರೂ ಹೇಗೆ ಬಂತು?"

ಅವನ ಮುಖದಲ್ಲಿದ್ದ ಸಂತೋಷಕ್ಕೆ ಕೈಹಾಕಲು ಅವಳಿಗೂ ಮನಸ್ಸಾಗಲಿಲ್ಲ.

ಡಾಕ್ಟರಮ್ಮ ಖುಷಿಯಿಂದ ಟ್ರೇಲರ್ ಕಟ್ಟಿಕೊಂಡು ಹೋದವಳು ಮೂರು ವಾರದ ಮೇಲೆ ಮುಖ ಸಪ್ಪಗೆ ಮಾಡಿಕೊಂಡು ವಾಪಸು ಬಂದಳು. ಅವಳ ಸುತ್ತಾಟದ ಕೊನೆಯ ಊರು ಉಪ್ಪಿನ ಬಯಲು. ಉಪ್ಪು ತೆಗೆಯುವ ನಲವತ್ತು ಮನೆಯವರು, ಸುತ್ತ ಮರವಿಲ್ಲ, ಗುಡ್ಡವಿಲ್ಲ, ಬರೀ ಗಾಳಿ. ಕೊನೆಯ ಡೀಸೆಲ್ ಬಂಕಿನಿಂದ ಅಲ್ಲಿಗೆ ನೂರೈವತ್ತು ಕಿಲೋಮೀಟರು. ಹೋಗಿ ಬರಲು ಮುನ್ನೂರು. ಜೀಪಿನ ಟ್ಯಾಂಕು ಹಿಡಿಯುವುದು ಐವತ್ತೈದು ಲೀಟರು. ಬರುವಾಗ ಬಂಕು ಇನ್ನೂ ಇಪ್ಪತ್ತೈದು ಕಿಲೋಮೀಟರ್ ಇರುವಾಗಲೇ ಜೀಪು ಕೆಮ್ಮಿ ನಿಂತಿತ್ತು. ಲಾರಿಯವನೊಬ್ಬ ಎಳೆದು ತಂದು ಬಿಟ್ಟಿದ್ದ.

"ಲೀಟರಿಗೆ ಐದು ಕಿಲೋಮೀಟರು. ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಲ್ಲ" ಎಂದಳು ಡಾಕ್ಟರಮ್ಮ. "ಟ್ರೇಲರ್ ಇಲ್ಲದೆ ಇದೇ ಜೀಪು ಹನ್ನೊಂದು ಕೊಡುತ್ತೆ."

"ಕ್ಯಾನಲ್ಲಿ ಒಂದಿಷ್ಟು ತುಂಬಿಸ್ಕೊಂಡು ಹೋಗೋದಲ್ವಾ?" ಎಂದ ಮೇಸ್ತ್ರಿ.

"ಆ ಬಂಕಲ್ಲಿ ಕ್ಯಾನಿಗೆ ಹಾಕಲ್ಲ ಅಂತ ಬೋರ್ಡೇ ಬರೆದಿದ್ದಾರೆ. ನಿಧಾನ ಹೋಗಿಯೂ ನೋಡಿದೆ. ಎದುರು ಗಾಳಿಗೆ ಅದೂ ನಡೀಲಿಲ್ಲ. ಲಾರಿ ಪಕ್ಕದಲ್ಲಿ ಹೋದರೆ ಟ್ರೇಲರು ಬೇರೆ ಓಲಾಡುತ್ತೆ, ಎದೆ ಝಲ್ ಅನ್ನುತ್ತೆ." ಅವಳು ಮೇಸ್ತ್ರಿಯ ಕಡೆ ತಿರುಗಿದಳು. "ನಿಮ್ಮ ಕೆಲಸದಲ್ಲಿ ಕುಂದಿಲ್ಲ ಮೇಸ್ತ್ರಿ. ಉಪ್ಪಿನ ಬಯಲನ್ನ ಪಟ್ಟಿಯಿಂದ ತೆಗೀಬೇಕು, ಅಷ್ಟೆ. ಅಲ್ಲಿ ಎಪ್ಪತ್ತು ಜನ ಸಾಲು ನಿಂತಿದ್ರು. ಅರ್ಧ ಜನಕ್ಕೆ ಮುಂದಿನ ಸಲ ನೋಡ್ತೀನಿ ಅಂದು ಬಂದೆ. ಈಗ ಮುಂದಿನ ಸಲ ಇಲ್ಲ. ಒಬ್ಬ ಹೆಂಗಸಂತೂ ದವಡೆ ಊದಿ, ಮೂರು ತಿಂಗಳಿಂದ ಬರೀ ಗಂಜಿ ಕುಡೀತಿದ್ದಾಳೆ. ಅವಳಿಗೆ ಏನಂತ ಹೇಳಿ ಕಳಿಸೋದು?"

ಕಿಂಡಿಯಾಚೆ ಹೊಲಿಗೆ ಯಂತ್ರದ ಸದ್ದು ನಿಂತಿತು.

ದಬ್ಬಳದಮ್ಮ ಈಚೆ ಬಂದು ಟ್ರೇಲರಿನ ಮೈ ನೋಡಿದಳು. ಎದುರುಗೋಡೆ ಹುಳುಹುಪ್ಪಟೆ ಅಂಟಿದ್ದು ಬಿಟ್ಟರೆ ಸ್ವಚ್ಛ. ಮೂಲೆ ತಿರುಗಿದ ಕೂಡಲೇ ಪಕ್ಕದ ಗೋಡೆಯ ಮೇಲೆ ಒಂದು ಮೊಳದಗಲ ಧೂಳು ಅಡ್ಡಾದಿಡ್ಡಿ ಬಳಿದಿತ್ತು. ಹಿಂಬಾಗಿಲಿನ ಮೇಲಂತೂ ಧೂಳು ಬೆರಳು ದಪ್ಪ, ಕಿಟಕಿಯ ಗಾಜೇ ಕಾಣದಂತೆ.

"ಡಾಕ್ಟರಮ್ಮ, ಪಟ್ಟಿಯಿಂದ ಈಗಲೇ ತೆಗೀಬೇಡಿ" ಎಂದಳು. "ನಿಮ್ಮ ಜೀಪು ಎಳೀತಿರೋದು ಈ ಮನೆಯನ್ನ ಮಾತ್ರ ಅಲ್ಲ. ಇದರ ಹಿಂದೆ ಇಷ್ಟು ದೊಡ್ಡ ಗಾಳಿ ಮೂಟೇನೂ ಎಳೀತಿದೆ. ಒಂದು ವಾರ ಇದನ್ನ ಇಲ್ಲೇ ಬಿಟ್ಟು ಹೋಗಿ."

ಮೇಸ್ತ್ರಿಗೆ ರೇಗಿತು. "ಹೊಲಿಗೆ ಹಾಕೋಳು ಗಾಡಿ ರಿಪೇರಿಗೆ ನಿಂತಳು" ಎಂದು ಗೊಣಗಿ, ಒಳಗೆ ಹೋಗಿ ಕೀಸುಳಿ ಹಿಡಿದ. ಹಲಗೆಯ ಮೇಲೆ ಅದು ಅಂದು ಎಂದಿಗಿಂತ ಜೋರಾಗಿ ಕಿರುಚಿತು.

ಮನೆಯಲ್ಲಿ ಅವಳ ಬೆನ್ನಿಗೆ ನಿಂತವಳು ಸೊಸೆ. ವಿದ್ಯುತ್ ಕಚೇರಿಯಲ್ಲಿ ಮೀಟರ್ ಓದುವ ಕೆಲಸ ಅವಳದು. ದಿನವೆಲ್ಲ ಬೈಕಿನಲ್ಲಿ ಬೀದಿ ಬೀದಿ ಸುತ್ತುವಳು. ಅಂಕಿ ಅಂದರೆ ಅವಳಿಗೆ ಪ್ರಾಣ.

"ಅತ್ತೆ, ಏನಾದರೂ ಬದಲಾಯಿಸೋ ಮುಂಚೆ ಈಗ ಎಷ್ಟು ಕುಡಿಯುತ್ತೆ ಅಂತ ಅಳೀಬೇಕು. ಹಳೇ ರೀಡಿಂಗ್ ಇಲ್ಲದೆ ಹೊಸ ರೀಡಿಂಗಿಗೆ ಬೆಲೆ ಇಲ್ಲ."

ಅದರಂತೆ ಡಾಕ್ಟರಮ್ಮ ಊರಿನ ಬಂಕಿನಲ್ಲಿ ಟ್ಯಾಂಕಿನ ಕತ್ತಿನ ತನಕ ಡೀಸೆಲ್ ತುಂಬಿಸಿ, ಊರಾಚೆಯ ನೇರ ರಸ್ತೆಯಲ್ಲಿ ಐವತ್ತು ಕಿಲೋಮೀಟರ್ ಹೋಗಿ ಐವತ್ತು ಬಂದಳು. ಅದೇ ಬಂಕಿನಲ್ಲಿ ಮತ್ತೆ ಕತ್ತಿನ ತನಕ ತುಂಬಿಸಿದಾಗ ಹತ್ತೊಂಬತ್ತು ಲೀಟರ್ ಹಿಡಿಯಿತು. ಸೊಸೆ ಬರೆದುಕೊಂಡಳು.

ಆಮೇಲೆ ದಬ್ಬಳದಮ್ಮ ಸ್ವೆಟರ್ ಹೆಣೆಯುವ ಕೆಂಪು ಉಲ್ಲಿನ ದಾರವನ್ನು ಗೇಣುದ್ದಕ್ಕೆ ಕತ್ತರಿಸಿ, ಮುನ್ನೂರು ಎಳೆಗಳನ್ನು ಟ್ರೇಲರಿನ ಮೈತುಂಬ ಸಾಲಾಗಿ ಟೇಪಿನಿಂದ ಅಂಟಿಸಿದಳು. ಬೀದಿಯವರಿಗೆ ನಗುವೋ ನಗು. ಪಂಕ್ಚರ್ ಅಂಗಡಿಯವನು, "ಏನಮ್ಮ, ಗಾಡಿಗೆ ಕೂದಲು ಬಂತಾ?" ಎಂದ. "ನಿನ್ನ ತಲೇಲಿ ಉದುರಿದ್ದೆಲ್ಲ ಇಲ್ಲಿ ಹಚ್ಚಿದೀನಿ" ಎಂದು ಅವಳು ಕೆಲಸ ಮುಂದುವರಿಸಿದಳು.

ಬೆಳಿಗ್ಗೆ ರಸ್ತೆ ಖಾಲಿಯಿರುವಾಗ ಜೀಪು ಅರವತ್ತರಲ್ಲಿ ಹೊರಟಿತು. ಸೊಸೆಯ ಬೈಕಿನ ಹಿಂದೆ ಸೆರಗು ಸೊಂಟಕ್ಕೆ ಬಿಗಿದು ಕೂತ ದಬ್ಬಳದಮ್ಮ ಟ್ರೇಲರಿನ ಪಕ್ಕಪಕ್ಕದಲ್ಲೇ ಸಾಗಿದಳು. ನಡುಗೋಡೆಯ ಎಳೆಗಳು ಬಾಚಿದ ಕೂದಲಿನಂತೆ ಹಿಂದಕ್ಕೆ ಒರಗಿದ್ದವು. ಆದರೆ ಮುಂದಿನ ಮೂಲೆಯ ಹಿಂದಿದ್ದವು ನೆಟ್ಟಗೆ ಎದ್ದು ನಿಂತು, ಹುಚ್ಚು ಹಿಡಿದಂತೆ ತಿರುಗಿ, ಎಷ್ಟೋ ಎಳೆಗಳು ಮುಂದಕ್ಕೇ ಮುಖ ಮಾಡಿದ್ದವು. ಹಿಂಗೋಡೆಯವು ಮೇಲೆ ಕೆಳಗೆ ಪಕ್ಕಕ್ಕೆ ಎಲ್ಲ ಕಡೆಗೂ ಒದ್ದಾಡುತ್ತಿದ್ದವು. ಕಾಲುವೆಯ ಚೌಕ ಕಂಬದ ಹಿಂದೆ ಗಿರಕಿ ಹೊಡೆಯುತ್ತಿದ್ದ ಎಲೆಗಳ ಆಟವೇ ಇದು. ಇಷ್ಟು ವರ್ಷ ಹರಿದ ಬಟ್ಟೆಯಲ್ಲಿ ಬೆರಳಾಡಿಸಿ ಊಹಿಸಿದ್ದನ್ನು ಇವತ್ತು ಕಣ್ಣಾರೆ ಕಂಡಿದ್ದಳು.

"ಹಿಂದೆ ತಿರುಗಿಸು" ಎಂದಳು ಸೊಸೆಗೆ. "ನಿಮ್ಮ ಮಾವನನ್ನ ಕೂರಿಸ್ಕೊಂಡು ಬಾ."

ಸೊಸೆಯ ಬೈಕಿನಲ್ಲಿ ಮೇಸ್ತ್ರಿ ಅದುವರೆಗೆ ಕೂತವನಲ್ಲ. ಕೂರಲಾರೆನೆಂದ. ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಳು, ಕೂತ. ಹೋಗುವಾಗ ಎರಡೂ ಕೈಯಿಂದ ಸೀಟಿನ ಹಿಡಿಯನ್ನು ಅವುಚಿಕೊಂಡು, "ನಿಧಾನ ತಾಯಿ, ನಿಧಾನ" ಎನ್ನುತ್ತಿದ್ದವನು, ತನ್ನ ಚೂಪು ಮೂಲೆಯ ಹಿಂದೆ ಉಲ್ಲಿನ ಎಳೆಗಳು ತಿರುವುಮುರುವಾಗಿ ಕುಣಿಯುವುದನ್ನು ಕಂಡಮೇಲೆ ಒಂದು ಕೈ ಬಿಟ್ಟು ಅತ್ತಲೇ ಬಾಗಿದ. ಇಳಿದಾಗ ಒಂದೇ ಪ್ರಶ್ನೆ ಕೇಳಿದ.

"ಇದು ನನ್ನ ಮೂಲೆಯಿಂದಾನಾ?"

"ಮೂಲೆಯಿಂದ" ಎಂದಳು ಹೆಂಡತಿ. "ನಿಮ್ಮಿಂದ ಅಲ್ಲ. ಮನೆಗೆ ಈ ಮೂಲೆ ಸರಿ. ಓಡೋದಕ್ಕೆ ಇದಲ್ಲ. ಗಾಳಿ ಇಷ್ಟು ಚೂಪಾಗಿ ತಿರುಗಲಾರದೆ ಗೋಡೆ ಬಿಟ್ಟು ಹಾರುತ್ತೆ."

ಎರಡು ದಿನ ಮೇಸ್ತ್ರಿಗೆಂದು ಕಿಂಡಿಯಲ್ಲಿ ಇಟ್ಟ ಚಹಾ ಆರಿ ಅಲ್ಲೇ ಕೂರುತ್ತಿತ್ತು. ಮೂರನೆಯ ದಿನ ಬೆಳಿಗ್ಗೆ ಅಡುಗೆಮನೆಯ ದೊಡ್ಡ ಪಾತ್ರೆ ಕಾಣಲಿಲ್ಲ. ಹುಡುಕುತ್ತ ದಬ್ಬಳದಮ್ಮ ಅವನ ಶೆಡ್ಡಿಗೆ ಬಂದರೆ, ಮೇಸ್ತ್ರಿ ಏಣಿ ಹತ್ತಿ ಆ ಪಾತ್ರೆಯನ್ನು ಟ್ರೇಲರಿನ ಮೂಲೆಗೆ ಹಿಡಿದು ಅದರ ಸುತ್ತ ಪೆನ್ಸಿಲಿನಿಂದ ಗೀಟು ಎಳೆಯುತ್ತಿದ್ದ.

"ಇಷ್ಟು ಉರುಟು ಸಾಕಾ, ಇನ್ನೂ ದೊಡ್ಡ ಪಾತ್ರೆ ಬೇಕಾ?" ಎಂದ, ಕೆಳಗೆ ನೋಡದೆ.

"ಸಾಕು" ಎಂದಳು. ಅಷ್ಟು ಅಕ್ಕರೆಯಿಂದ ಕೂಡಿಸಿದ ಮೂಲೆಗೆ ಅವನೇ ಗರಗಸ ಇಡುವುದನ್ನು ನೋಡಲಾರದೆ ಯಂತ್ರದ ಮುಂದೆ ಹೋಗಿ ಕೂತಳು.

ಮೇಸ್ತ್ರಿ ತೆಳು ಪ್ಲೈವುಡ್ಡನ್ನು ಬಿಸಿನೀರಲ್ಲಿ ನೆನೆಸಿ ಬಗ್ಗಿಸಿ, ಮುಂದಿನ ಮೂಲೆಗಳನ್ನೆಲ್ಲ ಪಾತ್ರೆಯ ದುಂಡಗೆ ತಂದ. ಎದುರುಗೋಡೆಯ ಮೇಲ್ಭಾಗವನ್ನು ಹಣೆಯಂತೆ ಹಿಂದಕ್ಕೆ ಒರಗಿಸಿದ. ಜೀಪಿನ ತಲೆಯ ಮೇಲಿಂದ ಬಂದ ಗಾಳಿ ಅಲ್ಲಿಂದ ಏರಿ ಹೋಗಲೆಂದು. ಹಿಂಭಾಗ ದಬ್ಬಳದಮ್ಮನ ಪಾಲಿಗೆ ಬಂತು. ಅಲ್ಲಿ ಮರ ಕಟ್ಟಿದರೆ ಭಾರ. ಬಟ್ಟೆಯ ಬಾಲ ಹೊಲಿಯುತ್ತೇನೆಂದಳು.

ಮೊದಲನೆಯ ಬಾಲ ನಗೆಪಾಟಲಾಯಿತು. ಒಂದೇ ಸಲಕ್ಕೆ ಎಲ್ಲ ಸರಿಮಾಡುವ ಆಸೆಗೆ ಬಿದ್ದು, ಆಳುದ್ದದ, ತುದಿ ಚೂಪಾದ ಪೊಟ್ಟಣದಂಥದನ್ನು ಹೊಲಿದು, ಒಳಗೆ ನಾಲ್ಕು ಬಿದಿರುಗಳನ್ನಷ್ಟೇ ಕೊಟ್ಟಿದ್ದಳು. ರಸ್ತೆಗೆ ಇಳಿದು ಐದು ನಿಮಿಷಕ್ಕೆ ಬಟ್ಟೆ ಒಳಕ್ಕೆ ಕುಸಿದು ಪಟಪಟನೆ ಬಡಿಯತೊಡಗಿತು. ಹಿಂದೆ ಭಾರ ಹೆಚ್ಚಿದ್ದಕ್ಕೆ ಟ್ರೇಲರು ಹೆಂಡ ಕುಡಿದವನಂತೆ ಅತ್ತಿತ್ತ ಓಲಾಡಿತು. ಡಾಕ್ಟರಮ್ಮ ಬೆವೆತು ಪಕ್ಕಕ್ಕೆ ನಿಲ್ಲಿಸುವುದಕ್ಕೂ ಬಟ್ಟೆ ಉದ್ದಕ್ಕೂ ಸೀಳುವುದಕ್ಕೂ ಸರಿಹೋಯಿತು. ಚಹಾದಂಗಡಿಯಲ್ಲಿ ಕೂತವರು ಎದ್ದು ಬಂದು ನೋಡಿದರು. "ಬಾಲ ಅಲ್ಲಾಡಿಸ್ಕೊಂಡು ಹೋಗ್ತಿತ್ತಲ್ಲ, ಪಾಪ" ಎಂದನೊಬ್ಬ.

ದಬ್ಬಳದಮ್ಮ ಆ ಮಧ್ಯಾಹ್ನ ಊಟ ಮಾಡಲಿಲ್ಲ. ತನ್ನ ಕೈಯ ಹೊಲಿಗೆ ಹೀಗೆ ಹತ್ತು ಜನರ ಮುಂದೆ ಸೀಳಿದ್ದು ಅವಳ ಜೀವಮಾನದಲ್ಲಿ ಅದೇ ಮೊದಲು. ಹರಿದ ಬಾಲವನ್ನು ನೆಲಕ್ಕೆ ಹಾಸಿ ಸುತ್ತ ನಡೆದಳು. ಆಗ ಕಿಂಡಿಯಿಂದ ಗಂಡನ ದನಿ ಬಂತು.

"ಓಲಾಡಿದ್ದು ನಿನ್ನ ಬಾಲದಿಂದ ಮಾತ್ರ ಅಲ್ಲ ಕಣೇ. ನೀರಿನ ಡ್ರಮ್ಮನ್ನ ಹಿಂಬಾಗಿಲ ಹತ್ರ ಇಟ್ಟೋನು ನಾನು. ತಕ್ಕಡಿಯ ಹಿಂದಿನ ತಟ್ಟೆ ಭಾರವಾದ್ರೆ ಮುಂದಿನ ಕೊಂಡಿ ಮೇಲಕ್ಕೆ ಏಳುತ್ತೆ, ಬಿಗಿ ತಪ್ಪುತ್ತೆ. ಡ್ರಮ್ಮನ್ನ ಗಾಲಿಗಿಂತ ಮುಂದಕ್ಕೆ ತರ್ತೀನಿ. ನೀನು ಊಟ ಮಾಡು."

ಅವಳು ಊಟ ಮಾಡಿದಳು. ಉಂಡು ಎದ್ದಾಗ ತಲೆ ತಿಳಿಯಾಗಿತ್ತು. ಹರಿದ ಬಾಲದ ಮೇಲೂ ಉಲ್ಲಿನ ಎಳೆಗಳನ್ನು ಅಂಟಿಸಿದ್ದಳಲ್ಲ. ಬುಡದ ಎರಡು ಮೊಳದಲ್ಲಿ ಅವು ಚೆನ್ನಾಗಿ ಒರಗಿದ್ದನ್ನೂ, ಬಾಲ ಚೂಪಾಗತೊಡಗಿದ ಕಡೆ ಮತ್ತೆ ಕುಣಿದದ್ದನ್ನೂ ಸೊಸೆ ಬೈಕಿನಿಂದ ನೋಡಿದ್ದಳು. ಅಂದರೆ ಗಾಳಿಯನ್ನು ಮೆಲ್ಲಗೆ ಒಳಕ್ಕೆ ಕರೆದರೆ ಬರುತ್ತದೆ. ಗಬಕ್ಕನೆ ಎಳೆದರೆ ಕೈ ಬಿಡಿಸಿಕೊಂಡು ಹೋಗುತ್ತದೆ. ಉದ್ದ ಬಾಲವೇ ಬೇಡ. ಎರಡೇ ಮೊಳ ಸಾಕು. ಮೊಳಕ್ಕೆ ನಾಲ್ಕು ಬೆರಳಿನಷ್ಟು ಮಾತ್ರ ಒಳಕ್ಕೆ ಬಾಗಲಿ. ತುದಿ ಮೊಂಡಾಗಿಯೇ ಇರಲಿ.

ಈ ಸಲ ಗ್ಯಾರೇಜಿನಲ್ಲಿ ತೆಳು ಕೊಳವೆ ಬಗ್ಗಿಸಿ ಪಕ್ಕೆಲುಬು ಮಾಡಿಸಿದಳು. ಒದ್ದೆ ಬಟ್ಟೆಯನ್ನು ಅದರ ಮೇಲೆ ಎಳೆದು ಕೈಯಲ್ಲೇ, ದಬ್ಬಳದಲ್ಲೇ, ಗೇಣಿಗೆ ಹನ್ನೆರಡು ಹೊಲಿಗೆ ಹಾಕಿದಳು. ಒಣಗಿದ ಮೇಲೆ ಮೂರು ಕೋಟು ಬಣ್ಣ. ಬೆರಳಿನಿಂದ ಮೀಟಿದರೆ ಡೋಲಿನಂತೆ ನುಡಿಯುತ್ತಿತ್ತು. ಹಿಂಬಾಗಿಲು ತೆರೆಯಬೇಕಲ್ಲ, ಅದಕ್ಕೆ ಮೇಸ್ತ್ರಿ ಮೇಲ್ಗಡೆ ಕೀಲು ಕೂರಿಸಿ, ಗಾಡಿ ನಿಂತಾಗ ಇಡೀ ಬಾಲವನ್ನು ಎತ್ತಿ ಕೋಲು ಕೊಟ್ಟು ನಿಲ್ಲಿಸುವಂತೆ ಮಾಡಿದ. ಎತ್ತಿದರೆ ನಾಲ್ಕು ಜನ ಕೂರುವಷ್ಟು ನೆರಳು.

ಅದೇ ರಸ್ತೆ, ಅದೇ ಬಂಕು, ಐವತ್ತು ಹೋಗಿ ಐವತ್ತು ಬಂದದ್ದಾಯಿತು. ಉಲ್ಲಿನ ಎಳೆಗಳು ಮುಂದಿನ ಮೂಲೆಯಿಂದ ಬಾಲದ ತುದಿಯವರೆಗೆ ಹೆಚ್ಚುಕಡಿಮೆ ಒಂದೇ ಜಡೆಯಂತೆ ಒರಗಿದ್ದವು. ಟ್ಯಾಂಕು ತುಂಬಿಸುವಾಗ ಸೊಸೆ ಪಂಪಿನ ಅಂಕಿಯನ್ನೇ ನುಂಗುವಂತೆ ನೋಡುತ್ತ ನಿಂತಳು. ಹದಿನಾಲ್ಕೂವರೆಗೆ ನಿಂತಿತು.

"ಪೈಪ್ ಸರಿಯಾಗಿ ಇಟ್ಟಿದ್ದೀಯಾ? ಕತ್ತಿನ ತನಕ ಬಂತಾ?" ಎಂದು ಬಂಕಿನವನನ್ನು ಮೂರು ಸಲ ಕೇಳಿದಳು. ಬಂದಿತ್ತು. ಹತ್ತೊಂಬತ್ತು ಇದ್ದದ್ದು ಹದಿನಾಲ್ಕೂವರೆ. ಅವಳು ಅತ್ತೆಯ ಕಡೆ ತಿರುಗಿ ಪುಸ್ತಕ ಚಾಚಿದಳು. "ನೀವೇ ಬರೀರಿ ಅತ್ತೆ." ದಬ್ಬಳದಮ್ಮ ದೊಡ್ಡ ದೊಡ್ಡ ಅಂಕಿಯಲ್ಲಿ ಬರೆದಳು.

ಉಪ್ಪಿನ ಬಯಲಿಗೆ ಹೊರಟ ದಿನ ಡಾಕ್ಟರಮ್ಮ ಅವಳನ್ನೂ ಕರೆದಳು. "ದಾರೀಲಿ ಏನಾದರೂ ಹರಿದರೆ ಹೊಲಿಯೋರು ಬೇಕಲ್ಲ" ಎಂಬುದು ನೆಪ. ಜೀಪಿನ ಮುಂದಿನ ಸೀಟಿನಲ್ಲಿ ಕೂತ ದಬ್ಬಳದಮ್ಮ ಬಂಕು ದಾಟಿದ ಮೇಲೆ ಡೀಸೆಲಿನ ಮುಳ್ಳನ್ನು ಬಿಟ್ಟು ಬೇರೆ ಏನನ್ನೂ ನೋಡಲಿಲ್ಲ. ಬಯಲು ಶುರುವಾಯಿತು. ಎದುರು ಗಾಳಿ ರಸ್ತೆಯ ಮೇಲೆ ಮರಳನ್ನು ಹಾವಿನಂತೆ ಹರಿಸುತ್ತಿತ್ತು. ಉಪ್ಪು ತುಂಬಿದ ಲಾರಿಯೊಂದು ಎದುರಿನಿಂದ ಭೋರೆಂದು ಬಂದಾಗ ಡಾಕ್ಟರಮ್ಮನ ಕೈಗಳು ಅಭ್ಯಾಸದಿಂದ ಸ್ಟೀರಿಂಗನ್ನು ಬಿಗಿ ಹಿಡಿದವು. ಲಾರಿ ಹೋಯಿತು. ಟ್ರೇಲರು ಒಮ್ಮೆ ಮೆಲ್ಲಗೆ ಭುಜ ಕುಣಿಸಿ ಸುಮ್ಮನಾಯಿತು.

"ಅಷ್ಟೇನಾ?" ಎಂದಳು ಡಾಕ್ಟರಮ್ಮ, ಕನ್ನಡಿ ನೋಡುತ್ತ.

"ಅಷ್ಟೆ" ಎಂದಳು ದಬ್ಬಳದಮ್ಮ. "ಮುಂದೆ ನೋಡಿ ಓಡಿಸಿ."

ನಲವತ್ತು ಮನೆಗಳ ಮುಂದೆ ಜನ ಅದಾಗಲೇ ನಿಂತಿದ್ದರು. ಬಾಲವನ್ನು ಎತ್ತಿ ನಿಲ್ಲಿಸಿದ್ದೇ ತಡ, ಕಾದು ನಿಂತವರು ಆ ನೆರಳಿಗೆ ಬಂದು ಕೂತರು. ಮೊದಲು ಒಳಗೆ ಹೋದವಳು ದವಡೆ ಊದಿದ ಹೆಂಗಸು. ಅವಳು ಭಯದಿಂದ ಬಾಗಿಲಲ್ಲೇ ನಿಂತಾಗ ದಬ್ಬಳದಮ್ಮ ಅವಳ ಕೈ ಹಿಡಿದು ಕುರ್ಚಿಯ ತನಕ ಕರೆದೊಯ್ದಳು; ಹಲ್ಲು ಕಿತ್ತು ಮುಗಿಯುವ ತನಕ ಆ ಕೈ ಬಿಡಲಿಲ್ಲ. ಎರಡು ದಿನ ಅಲ್ಲಿದ್ದರು. ಎಂಬತ್ತಾರು ಜನರ ಬಾಯಿ ನೋಡಿದ್ದಾಯಿತು. ಹೊರಡುವ ಬೆಳಿಗ್ಗೆ ಅದೇ ಹೆಂಗಸು ಒಂದು ರೊಟ್ಟಿಯನ್ನು ತಂದು, ಅವರಿಬ್ಬರ ಎದುರಿಗೆ ನಿಂತು, ಇನ್ನೊಂದು ಕಡೆಯ ಹಲ್ಲಿನಿಂದ ಮೆಲ್ಲಗೆ ಅಗಿದು ತಿಂದು ತೋರಿಸಿದಳು.

"ಮುಂದಿನ ತಿಂಗಳು ಹದಿನೈದಕ್ಕೆ ಬರ್ತೀನಿ" ಎಂದಳು ಡಾಕ್ಟರಮ್ಮ ಎಲ್ಲರಿಗೂ ಕೇಳುವಂತೆ.

ಜೀಪು ಹತ್ತಿದ ಮೇಲೆ ದಬ್ಬಳದಮ್ಮ ಗದರಿದಳು. "ಇನ್ನೂ ನೂರೈವತ್ತು ಕಿಲೋಮೀಟರ್ ಬಾಕಿ ಇದೆ. ಬಂಕು ಮುಟ್ಟೋ ಮುಂಚೆ ಮಾತು ಕೊಟ್ಟುಬಿಟ್ರಲ್ಲ."

"ನಿಮ್ಮ ಹೊಲಿಗೆ ನೋಡಿ ಕೊಟ್ಟೆ ಅಮ್ಮ."

ಬರುವಾಗ ಅಡ್ಡಗಾಳಿ. ಹಿಂದಿನ ಸಲ ಜೀಪು ನಿಂತುಹೋದ ಮೈಲಿಗಲ್ಲು ಬಂತು. ಡಾಕ್ಟರಮ್ಮ ಅದನ್ನು ಬೆರಳಿನಿಂದ ತೋರಿಸಿದಳು. ಜೀಪು ಅದರ ಪಾಡಿಗೆ ಅದು ಹಾಡುತ್ತ ದಾಟಿತು. ಕೆಂಪು ಗೆರೆಗೆ ಮುಳ್ಳು ಇನ್ನೂ ಮುಟ್ಟಿರಲಿಲ್ಲ. ದಬ್ಬಳದಮ್ಮ ಸೀಟಿಗೆ ಒರಗಿ, ಮೂರು ದಿನದಲ್ಲಿ ಮೊದಲ ಸಲ ಕಿಟಕಿಯಾಚೆ ನೋಡಿದಳು. ಉಪ್ಪು ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ಹೋಗುವಾಗ ಇಷ್ಟೊಂದು ಚಂದದ ಜಾಗ ದಾಟಿ ಹೋಗಿದ್ದೆನಾ ಎಂದು ಅವಳಿಗೆ ಆಶ್ಚರ್ಯವಾಯಿತು.

ಬಂಕಿನಲ್ಲಿ ಟ್ಯಾಂಕು ತುಂಬಲು ನಲವತ್ತೈದೂವರೆ ಲೀಟರ್ ಹಿಡಿಯಿತು. ಅಂದರೆ ಒಂಬತ್ತೂವರೆ ಲೀಟರ್ ಉಳಿದಿತ್ತು. ಇನ್ನೂ ಅರವತ್ತು ಕಿಲೋಮೀಟರಿನ ದಾರಿ. ಬಂಕಿನವನು ಟ್ರೇಲರಿನ ಸುತ್ತ ಬಂದು, ದುಂಡು ಮೂಲೆ ಸವರಿ, ಬಾಲ ಮೀಟಿ ನೋಡಿ, "ಯಾವ ಕಂಪನಿಯದಮ್ಮ ಇದು?" ಎಂದು ಕೇಳಿದ.

"ಈ ಅಮ್ಮನದು" ಎಂದಳು ಡಾಕ್ಟರಮ್ಮ.

ಆ ಮಾತು ಲಾರಿಗಳ ಜತೆ ಊರೂರು ಹೋಯಿತು. ತಿಂಗಳೊಪ್ಪತ್ತಿನಲ್ಲಿ, ಜೇನುಪೆಟ್ಟಿಗೆ ಸಾಗಿಸುವವನೊಬ್ಬ ತನಗೂ ಅಂಥದೇ ಎಳೆಯುವ ಮನೆ ಬೇಕೆಂದು ಮೇಸ್ತ್ರಿಯ ಶೆಡ್ಡಿಗೆ ಬಂದ. ಗಾಳಿಯನ್ನು ಜಾರಿಸುವ ಮೇಸ್ತ್ರಿ ನೀವೇ ತಾನೆ ಎಂದು ಕೇಳಿದ.

ಮೇಸ್ತ್ರಿ ಹಲಗೆಯಿಂದ ತಲೆ ಎತ್ತದೆ ಕಿಂಡಿಯ ಕಡೆ ಕೈ ತೋರಿಸಿದ. "ಮರ ಕೊಯ್ಯೋನು ನಾನು. ಆಕಾರ ಹೇಳೋರು ಆ ಕಡೆ ಕೂತಿದ್ದಾರೆ. ಅವರನ್ನ ಕೇಳದೆ ನಾನು ಈಗ ಒಂದು ಮೂಲೇನೂ ಕೂಡಿಸಲ್ಲ."

ಬಂದವನು ಕಿಂಡಿಗೆ ಬಗ್ಗಿ ಇಣುಕಿದ. ದಬ್ಬಳದಮ್ಮ ಯಂತ್ರ ನಿಲ್ಲಿಸಿ, ಕನ್ನಡಕವನ್ನು ಹಣೆಗೇರಿಸಿ ಅವನನ್ನು ನೋಡಿದಳು.

"ಎಳೆಯೋ ಗಾಡಿ ಎಲ್ಲಪ್ಪ? ಮೊದಲು ಅದನ್ನ ತಗೊಂಡು ಬಾ. ಅದರ ಬೆನ್ನು ಎಷ್ಟು ಎತ್ತರ ಅಂತ ಅಳೆದ ಮೇಲೆ ಮಿಕ್ಕ ಮಾತು" ಎಂದಳು, ಮತ್ತೆ ಪೆಡಲಿನ ಮೇಲೆ ಕಾಲಿಟ್ಟಳು.